ಎಣಿಕೆ ಅಣುವಿನದು, ತೂಕ ಗ್ರಾಂನದು

ಭೇದಿಯಾದಾಗ ಕುಡಿಸಲೆಂದು ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಪೊಟ್ಟಣವಾದರೆ ಅಲ್ಲಿ ನಾಲ್ಕು ಪದಾರ್ಥಗಳ ಹೆಸರಿರುತ್ತದೆ. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪು, 2.6 ಗ್ರಾಂ. ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಗ್ಲೂಕೋಸ್ 13.5 ಗ್ರಾಂ. ಎಲ್ಲ ಸೇರಿ 20.5 ಗ್ರಾಂ.

ಈ ಅಂಕಿಗಳಲ್ಲಿ ಮೇಲ್ನೋಟಕ್ಕೆ ಯಾವ ಕ್ರಮವೂ ಕಾಣುವುದಿಲ್ಲ. ಉಪ್ಪು ಮೂರು ಗ್ರಾಂ ಇದ್ದಿದ್ದರೆ ಏನಾಗುತ್ತಿತ್ತು? ಗ್ಲೂಕೋಸ್ 13.5 ಎಂಬ ಅರೆಬರೆ ಸಂಖ್ಯೆಯಲ್ಲಿ ಏಕೆ ನಿಂತಿತು? ಉತ್ತರ ಇನ್ನೊಂದು ಪಟ್ಟಿಯಲ್ಲಿದೆ. ಹಲವು ಪೊಟ್ಟಣಗಳು ಅದನ್ನೂ ಮುದ್ರಿಸುತ್ತವೆ: ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಕ್ಲೋರೈಡ್ 65, ಗ್ಲೂಕೋಸ್ 75, ಪೊಟ್ಯಾಸಿಯಂ 20, ಸಿಟ್ರೇಟ್ 10. ಒಟ್ಟು 245. ಇಲ್ಲಿ ಎಲ್ಲವೂ ಅಚ್ಚುಕಟ್ಟು. ಸೋಡಿಯಂ ಎಷ್ಟೋ ಗ್ಲೂಕೋಸ್ ಕೂಡ ಅಷ್ಟೇ.

ವೈದ್ಯ ವಿಜ್ಞಾನಿಗಳು ನಿರ್ಧಾರ ಮಾಡಿದ್ದು ಈ ಎರಡನೇ ಪಟ್ಟಿಯಲ್ಲಿ. ಗ್ರಾಂಗಳ ಪಟ್ಟಿ ಅದರಿಂದ ಲೆಕ್ಕ ಹಾಕಿ ಇಳಿಸಿಕೊಂಡದ್ದು, ಕಾರ್ಖಾನೆಯ ತಕ್ಕಡಿಗೆ ಅರ್ಥವಾಗಲಿ ಎಂದು. ಅಣುಗಳ ಎಣಿಕೆಯ ಅಳತೆಯಾದ ಮೋಲ್‌ನಿಂದ ಗ್ರಾಂಗೆ ಬರುವ ಈ ಹಾದಿ ಪ್ರಥಮ ಪಿಯುಸಿಯ ರಸಾಯನಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಸಾವಿರಾರು ಮಕ್ಕಳು ಅದನ್ನು ಒಂದು ಸೂತ್ರವಾಗಿ ಉರುಹೊಡೆದು, ಅಂಕ ತೆಗೆದುಕೊಂಡು, ಮರೆಯುತ್ತಾರೆ. ಮರೆಯಬಾರದ ವಿದ್ಯೆ ಇದು ಎಂಬುದು ನನ್ನ ಗಟ್ಟಿ ನಂಬಿಕೆ. ಏಕೆಂದರೆ ನಮ್ಮ ಕರುಳು, ಅಡಿಕೆ ತೋಟದ ಶಿಲೀಂಧ್ರ, ಸುಣ್ಣದ ನೀರು ಇವು ಯಾವುವೂ ಗ್ರಾಂ ತೂಗುವುದಿಲ್ಲ. ಇವುಗಳ ವ್ಯವಹಾರ ಏನಿದ್ದರೂ ಅಣುಗಳ ಸಂಖ್ಯೆಯಲ್ಲಿ.

ಕರುಳಿನ ಒಳಗೋಡೆಯಲ್ಲಿ ಒಂದು ಪ್ರೋಟೀನ್ ಇದೆ. ಅದು ಒಂದು ಗ್ಲೂಕೋಸ್ ಅಣುವನ್ನು ಒಳಗೆ ಬಿಟ್ಟುಕೊಳ್ಳುವಾಗ ಜೊತೆಗೆ ಎರಡು ಸೋಡಿಯಂ ಅಯಾನುಗಳನ್ನೂ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರು ದೇಹಕ್ಕೆ ಇಳಿಯುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಸಾಗುತ್ತವೆ ಎಂಬ ವಿಚಾರವನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. ಕಾಲರಾ ಬಂದು ದೇಹದ ನೀರೆಲ್ಲ ಬಸಿದು ಹೋಗುತ್ತಿದ್ದರೂ ಈ ಬಾಗಿಲು ಮಾತ್ರ ಕೆಡುವುದಿಲ್ಲ. ಬರೀ ನೀರು ಕುಡಿಸಿದರೆ ಅದು ದೇಹದಲ್ಲಿ ನಿಲ್ಲುವುದಿಲ್ಲ, ಬರೀ ಉಪ್ಪುನೀರು ಕುಡಿಸಿದರೂ ನಿಲ್ಲುವುದಿಲ್ಲ, ಉಪ್ಪುನೀರಿಗೆ ಗ್ಲೂಕೋಸ್ ಸೇರಿಸಿದರೆ ನಿಲ್ಲುತ್ತದೆ. ಆದರೆ ಗ್ಲೂಕೋಸ್ ಲೆಕ್ಕವಾಗಿ ಸೇರಬೇಕು. ಗ್ಲೂಕೋಸಿನ ಅಣುಗಳು ಸೋಡಿಯಂ ಅಯಾನುಗಳಿಗಿಂತ ಕಡಿಮೆಯಾಗಬಾರದು, ಲೀಟರಿಗೆ 111 ಮಿಲಿಮೋಲ್ ಮೀರಲೂ ಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಎಲ್ಲೆ.

ಈಗ ಪೊಟ್ಟಣವನ್ನು ನಾವೇ ಕಟ್ಟೋಣ. ಕೈಯಲ್ಲಿರುವುದು ಮಿಲಿಮೋಲ್ ಪಟ್ಟಿ, ಬೇಕಾದದ್ದು ಗ್ರಾಂ. ಸಾವಿರ ಮಿಲಿಮೋಲ್ ಸೇರಿದರೆ ಒಂದು ಮೋಲ್. ಸಾವಿರ ಮಿಲಿಗ್ರಾಂ ಸೇರಿದರೆ ಒಂದು ಗ್ರಾಂ ಆಗುವ ಹಾಗೆಯೇ.

ಮೊದಲು ಗ್ಲೂಕೋಸ್. ಅದರ ಒಂದು ಅಣುವಿನಲ್ಲಿ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕದ ಪರಮಾಣುಗಳಿವೆ. ಆವರ್ತ ಕೋಷ್ಟಕದಲ್ಲಿ ಇಂಗಾಲದ ಕೆಳಗೆ 12.011, ಜಲಜನಕದ ಕೆಳಗೆ 1.008, ಆಮ್ಲಜನಕದ ಕೆಳಗೆ 15.999 ಎಂದಿದೆ. ಆರು ಇಂಗಾಲಕ್ಕೆ 72.07, ಹನ್ನೆರಡು ಜಲಜನಕಕ್ಕೆ 12.10, ಆರು ಆಮ್ಲಜನಕಕ್ಕೆ 95.99. ಕೂಡಿಸಿದರೆ 180.16. ಒಂದು ಮೋಲ್ ಗ್ಲೂಕೋಸ್ ಎಂದರೆ 180.16 ಗ್ರಾಂ, ಇದೇ ಅದರ ಮೋಲಾರ್ ರಾಶಿ. ನಮಗೆ ಬೇಕಾದದ್ದು 75 ಮಿಲಿಮೋಲ್, ಅಂದರೆ 0.075 ಮೋಲ್. ಗುಣಿಸಿದರೆ 13.51 ಗ್ರಾಂ. ಪೊಟ್ಟಣದ ಮೇಲಿನ 13.5 ಬಂದದ್ದು ಹೀಗೆ.

ಸೋಡಿಯಂನ ಲೆಕ್ಕ ಇನ್ನೂ ಸೊಗಸಾಗಿದೆ. ಬೇಕಾದದ್ದು 75 ಮಿಲಿಮೋಲ್. ಆದರೆ ಸೋಡಿಯಂ ಒಂದೇ ಕಡೆಯಿಂದ ಬರುವುದಿಲ್ಲ. ಟ್ರೈಸೋಡಿಯಂ ಸಿಟ್ರೇಟಿನ ಒಂದೊಂದು ಘಟಕದಲ್ಲೂ ಮೂರು ಸೋಡಿಯಂ ಇವೆ. 10 ಮಿಲಿಮೋಲ್ ಸಿಟ್ರೇಟ್ ಹಾಕಿದರೆ 30 ಮಿಲಿಮೋಲ್ ಸೋಡಿಯಂ ಅದರೊಂದಿಗೇ ಬಂದುಬಿಡುತ್ತದೆ. ಉಳಿದ 45ನ್ನು ಉಪ್ಪು ಕೊಡಬೇಕು. ಸೋಡಿಯಂ 22.99, ಕ್ಲೋರಿನ್ 35.45, ಕೂಡಿಸಿದರೆ 58.44. ಅದನ್ನು 0.045ರಿಂದ ಗುಣಿಸಿದರೆ 2.63 ಗ್ರಾಂ ಉಪ್ಪು. ಕ್ಲೋರೈಡ್ ತಾಳೆಯಾಗುತ್ತದೆಯೇ ನೋಡಿ. ಉಪ್ಪಿನಿಂದ 45, ಪೊಟ್ಯಾಸಿಯಂ ಕ್ಲೋರೈಡಿನಿಂದ 20, ಒಟ್ಟು 65. ಪಟ್ಟಿಯಲ್ಲೂ ಅದೇ ಇದೆ. ಪೊಟ್ಯಾಸಿಯಂ ಕ್ಲೋರೈಡಿನ ಮೋಲಾರ್ ರಾಶಿ 74.55, 20 ಮಿಲಿಮೋಲಿಗೆ 1.49 ಗ್ರಾಂ. ಎರಡು ನೀರಿನ ಅಣು ಸೇರಿದ ಸಿಟ್ರೇಟಿನದು 294.1, 10 ಮಿಲಿಮೋಲಿಗೆ 2.94 ಗ್ರಾಂ. ಮೊದಲು ಅರ್ಥವಿಲ್ಲದಂತೆ ಕಂಡ ನಾಲ್ಕೂ ಅಂಕಿಗಳು ಜಾಗಕ್ಕೆ ಬಂದು ಕೂತವು.

ಇನ್ನೊಂದು ಸಂಗತಿ ಗಮನಿಸಿ. ಈ ಒಂದು ಲೀಟರಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಸಮಸಮ. ಆದರೆ ತೂಗಿದರೆ 75 ಮಿಲಿಮೋಲ್ ಸೋಡಿಯಂ ಬರೀ 1.7 ಗ್ರಾಂ, ಅಷ್ಟೇ ಮಿಲಿಮೋಲ್ ಗ್ಲೂಕೋಸ್ 13.5 ಗ್ರಾಂ, ಹತ್ತಿರಹತ್ತಿರ ಎಂಟು ಪಟ್ಟು. ತೂಕವನ್ನಷ್ಟೇ ನೋಡಿದವನು ಇದನ್ನು ಸಿಹಿನೀರು ಎಂದುಕೊಂಡಾನು. ಕರುಳಿಗೆ ಇದು ಸರಿಸಮದ ಜೋಡಿ.

ಜಾತ್ರೆ ಮುಗಿದ ಮೇಲೆ ಹುಂಡಿಯ ಚಿಲ್ಲರೆ ಎಣಿಸುವವರು ಒಂದೇ ಬಗೆಯ ನಾಣ್ಯಗಳನ್ನು ಬೇರ್ಪಡಿಸಿ, ರಾಶಿಯನ್ನು ತೂಗಿ, ಒಂದು ನಾಣ್ಯದ ತೂಕದಿಂದ ಭಾಗಿಸಿ ಸಂಖ್ಯೆ ತಿಳಿಯುವುದುಂಟು. ರಸಾಯನಶಾಸ್ತ್ರ ಮಾಡುವುದೂ ಇದನ್ನೇ. ಅಣು ಒಂದೊಂದಾಗಿ ಎಣಿಸಲಾಗದಷ್ಟು ಸಣ್ಣದು, ಆದ್ದರಿಂದ ದೊಡ್ಡದೊಂದು ಕಟ್ಟನ್ನು ಮಾಡಿಕೊಂಡಿದ್ದೇವೆ, ಅದೇ ಮೋಲ್. ಆ ಕಟ್ಟಿನಲ್ಲಿರುವ ಸಂಖ್ಯೆ 6.02214076 × 10²³. 2019ರ ಮೇ 20ರಿಂದ ಇದು ಅಳೆದು ಹೇಳುವ ಸಂಖ್ಯೆಯಲ್ಲ. ಜಗತ್ತಿನ ಮಾಪನ ಸಂಸ್ಥೆಗಳು ಒಪ್ಪಿ ನಿಗದಿ ಮಾಡಿದ ಸಂಖ್ಯೆ. ಅದಕ್ಕೆ ಮೊದಲು, 1971ರಿಂದ, 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎಂಬ ವ್ಯಾಖ್ಯೆ ನಡೆಯುತ್ತಿತ್ತು. ವ್ಯಾಖ್ಯೆ ಬದಲಾದರೂ ಪೊಟ್ಟಣ ಕಟ್ಟುವವರ ಲೆಕ್ಕ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಹೊಸ ಸಂಖ್ಯೆಯನ್ನು ಹಳೆಯದಕ್ಕೆ ಹೊಂದುವಂತೆಯೇ ಆರಿಸಲಾಗಿತ್ತು. ಅದಕ್ಕಾಗಿ ಬಹುತೇಕ ಸಿಲಿಕಾನ್-28ನಿಂದಲೇ ಮಾಡಿದ, ಸುಮಾರು ಒಂದು ಕೆ.ಜಿ. ತೂಗುವ, ನುಣುಪಾದ ಗೋಲಗಳ ಪರಮಾಣುಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಲೆಕ್ಕ ಹಾಕಿದರು.

ಆವರ್ತ ಕೋಷ್ಟಕದ ಅಂಕಿಗೆ ಗ್ರಾಂ ಹಚ್ಚಿದರೆ ಅದೇ ಒಂದು ಮೋಲ್‌ನ ತೂಕ ಎಂಬುದು ಇಂದು ನಮಗೆ ಬಲು ಸಲೀಸು. ಈ ಸಲೀಸು ಬರಲು ಅರ್ಧ ಶತಮಾನ ಹಿಡಿಯಿತು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಎಂದು ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲೇ ಹೇಳಿದರು. ಆ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೀರಿನಲ್ಲಿ ಜಲಜನಕ ಒಂದೋ ಎರಡೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ಒಂದು ಎಂದವರಿಗೆ ಆಮ್ಲಜನಕದ ತೂಕ 8, ಎರಡು ಎಂದವರಿಗೆ 16. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲಕ್ಕೆ ಆಗ ಬಳಕೆಯಲ್ಲಿದ್ದ ಸೂತ್ರಗಳು ಹತ್ತೊಂಬತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞ ಕೆಕುಲೆ ಅವನ್ನೆಲ್ಲ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದ್ದಾರೆ. ಹತ್ತೊಂಬತ್ತು ಸೂತ್ರಗಳಿದ್ದ ಕಡೆ ಒಂದು ಮೋಲ್‌ಗೆ ಎಷ್ಟು ಗ್ರಾಂ ಎಂದು ಯಾರನ್ನು ಕೇಳುವುದು? 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಅವೊಗಾಡ್ರೊ ಅವರ ಮಾತನ್ನು ಹಿಡಿದರೆ ಪರಮಾಣು ತೂಕಗಳ ಗೊಂದಲವೆಲ್ಲ ಬಗೆಹರಿಯುತ್ತದೆ ಎಂದು ತೋರಿಸುವ ಸ್ಟಾನಿಸ್ಲಾವೊ ಕ್ಯಾನಿಜಾರೊ ಅವರ ಪುಟ್ಟ ಪುಸ್ತಿಕೆಯನ್ನು ಅಲ್ಲಿ ಹಂಚಲಾಯಿತು. ಸಭೆಯಲ್ಲಿದ್ದ, ಆವರ್ತ ಕೋಷ್ಟಕದ ಮೆಂಡಲೀವ್ ಅದರ ಪ್ರಭಾವವನ್ನು ಮುಂದೆ ನೆನೆದಿದ್ದಾರೆ. ಕಟ್ಟಿನಲ್ಲಿರುವ ಸಂಖ್ಯೆಗೆ ಅವೊಗಾಡ್ರೊ ಹೆಸರಿಟ್ಟವರು ಫ್ರಾನ್ಸಿನ ಜಾನ್ ಪೆರಾ, 1909ರಲ್ಲಿ. ಅವೊಗಾಡ್ರೊ ತೀರಿಕೊಂಡು ಆಗ ಐವತ್ತು ವರ್ಷ ಕಳೆದಿತ್ತು.

ಓಆರ್‌ಎಸ್‌ಗೆ ಮರಳುತ್ತೇನೆ. ಮೋಲ್‌ನ ಲೆಕ್ಕ ಜೀವ ಉಳಿಸಿದ ಕಥೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯೂರು ಬನ್‌ಗಾಂವ್‌ನಲ್ಲಿ ತುಂಬಿಕೊಂಡಿದ್ದರು. ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹನಿಸುವ ಸಲೈನ್ ಮುಗಿಯುತ್ತ ಬಂತು. ಕಲ್ಕತ್ತಾದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ದಿಲೀಪ್ ಮಹಲನೊಬಿಸ್ ಬಾಯಿಂದಲೇ ಕುಡಿಸುವ ದ್ರಾವಣಕ್ಕೆ ಕೈಹಾಕಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಪುಡಿಯನ್ನು ಪೊಟ್ಟಣ ಕಟ್ಟಿ ಕಳುಹಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶಿಬಿರದ ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 3.6ಕ್ಕೆ ಇಳಿಯಿತು.

ಆ 3.5 ಮತ್ತು 2.5 ಕೂಡ ಅಂದಾಜಿನ ಅಂಕಿಗಳಲ್ಲ. 3.5 ಗ್ರಾಂ ಉಪ್ಪನ್ನು 58.44ರಿಂದ ಭಾಗಿಸಿದರೆ 60 ಮಿಲಿಮೋಲ್ ಸಿಗುತ್ತದೆ. ಅಡುಗೆ ಸೋಡಾದ ಮೋಲಾರ್ ರಾಶಿ 84, 2.5 ಗ್ರಾಂ ಎಂದರೆ 30 ಮಿಲಿಮೋಲ್. ಎರಡೂ ಸೇರಿ ಸೋಡಿಯಂ 90. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸೂತ್ರದಲ್ಲಿ ನಿಂತದ್ದೂ ಇದೇ 90. ಬಿಸಿಲು, ತೇವ ತಾಗಿದರೆ ಅಡುಗೆ ಸೋಡಾ ಇದ್ದ ಪುಡಿ ಬೇಗ ಕೆಡುತ್ತಿತ್ತು, ಆದ್ದರಿಂದ 1984ರಲ್ಲಿ ಅದರ ಜಾಗಕ್ಕೆ ಸಿಟ್ರೇಟ್ ಬಂತು. 2.5 ಗ್ರಾಂ ಸೋಡಾ ಹೋಗಿ 2.9 ಗ್ರಾಂ ಸಿಟ್ರೇಟ್ ಬಂದರೂ ಸೋಡಿಯಂ ಮಾತ್ರ ಅದೇ 30 ಮಿಲಿಮೋಲ್. ಗ್ರಾಂ ಬದಲಾಯಿತು, ಎಣಿಕೆ ಬದಲಾಗಲಿಲ್ಲ. 2002ರಲ್ಲಿ ಎಣಿಕೆಯನ್ನೇ ತಿದ್ದಿದರು. ಹಳೆಯ ದ್ರಾವಣದ ಕಣಗಳ ಒಟ್ಟು ಲೆಕ್ಕ ಲೀಟರಿಗೆ 311 ಮಿಲಿಮೋಲ್, ರಕ್ತದ್ದು 290ರ ಆಸುಪಾಸು. ದ್ರಾವಣ ರಕ್ತಕ್ಕಿಂತ ದಟ್ಟವಾಗಿದ್ದರೆ ನೀರು ಕರುಳಿನತ್ತ ಎಳೆಯಲ್ಪಡುತ್ತದೆ. ತೆಳುವಾದ 245ರ ದ್ರಾವಣದಿಂದ ಮಕ್ಕಳ ಭೇದಿ ಕಡಿಮೆಯಾಯಿತು, ಸಲೈನ್ ಏರಿಸುವ ಅಗತ್ಯವೂ ಕಡಿಮೆಯಾಯಿತು.

ಇಷ್ಟು ತಿಳಿದ ಮೇಲೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಲೀಟರಿನ ಪೊಟ್ಟಣವನ್ನು 200 ಮಿಲಿಲೀಟರಿನ ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ 245 ಐದು ಪಟ್ಟಾಗಿ 1225 ಆಗುತ್ತದೆ, ರಕ್ತದ ನಾಲ್ಕು ಪಟ್ಟಿಗೂ ಹೆಚ್ಚು. ಅದು ನೀರು ಕೊಡುವ ಬದಲು ಮಗುವಿನ ದೇಹದಿಂದಲೇ ನೀರು ಸೆಳೆಯುತ್ತದೆ. 200 ಮಿಲಿಲೀಟರಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ. ಯಾವುದು ಎಷ್ಟು ನೀರಿಗೆ ಎಂದು ಓದಿಯೇ ಕಲಸಿ.

ಪೊಟ್ಟಣ ಸಿಗದಾಗ ಮನೆಯಲ್ಲಿ ಮಾಡಿಕೊಳ್ಳುವ ದ್ರಾವಣಕ್ಕೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ಲೀಟರ್ ನೀರು ಎಂದು ಆರೋಗ್ಯ ಕಾರ್ಯಕರ್ತೆಯರು ಹೇಳಿಕೊಡುತ್ತಾರೆ. ಚಮಚ ಎಂದರೆ ಟೀ ಚಮಚ, ತಲೆ ಸವರಿದ್ದು. ಪೊಟ್ಟಣದಲ್ಲಿ ಗ್ಲೂಕೋಸ್ 13.5 ಗ್ರಾಂ ಇದ್ದರೆ ಇಲ್ಲಿ ಸಕ್ಕರೆ ಸುಮಾರು 25 ಗ್ರಾಂ ಏಕೆ? ಸಕ್ಕರೆಯ ಅಣು ದೊಡ್ಡದು. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಬೆಸೆದುಕೊಂಡು ಆದದ್ದು. ಮೋಲಾರ್ ರಾಶಿ 342. ಕರುಳಿನಲ್ಲಿ ಅದು ಒಡೆದಾಗ ಒಂದು ಅಣುವಿಗೆ ಒಂದೇ ಗ್ಲೂಕೋಸ್ ಸಿಗುತ್ತದೆ. 25 ಗ್ರಾಂ ಸಕ್ಕರೆಯನ್ನು 342ರಿಂದ ಭಾಗಿಸಿದರೆ 73 ಮಿಲಿಮೋಲ್, ಬೇಕಾದ 75ಕ್ಕೆ ತೀರಾ ಹತ್ತಿರ. 13.5 ಗ್ರಾಂ ಸಕ್ಕರೆಯನ್ನಷ್ಟೇ ಹಾಕಿದ್ದರೆ ಗ್ಲೂಕೋಸ್ 40 ಮಿಲಿಮೋಲನ್ನೂ ಮುಟ್ಟುತ್ತಿರಲಿಲ್ಲ. ಹಳ್ಳಿಯ ಅಡುಗೆಮನೆಯ ಆರು ಚಮಚದ ಹಿಂದೆಯೂ ಅದೇ ಗುಣಾಕಾರವಿದೆ.

ಗುಣಾಕಾರ ಎಲ್ಲರಿಗೂ ಬರುತ್ತದೆ, ಕ್ಯಾಲ್ಕ್ಯುಲೇಟರಿಗಂತೂ ಬಂದೇ ಬರುತ್ತದೆ. ಲೆಕ್ಕ ತಪ್ಪುವುದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ: ಡಬ್ಬಿಯಲ್ಲಿರುವ ಪದಾರ್ಥ ನಿಜಕ್ಕೂ ಯಾವುದು? ಗ್ಲೂಕೋಸನ್ನೇ ನೋಡಿ. ಅಣುವಿಗೊಂದು ನೀರಿನ ಅಣುವನ್ನು ಅಂಟಿಸಿಕೊಂಡ ಗ್ಲೂಕೋಸೂ ಮಾರಾಟಕ್ಕಿದೆ. ಅದರ ಮೋಲಾರ್ ರಾಶಿ 198. ಅದನ್ನು ಬಳಸಿದರೆ 75 ಮಿಲಿಮೋಲಿಗೆ 13.5 ಗ್ರಾಂ ಸಾಲದು, 14.9 ಗ್ರಾಂ ಬೇಕು. ಬಣ್ಣ ಅದೇ, ರುಚಿ ಅದೇ, ಹೆಸರೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸವಿರುವುದು ಸೂತ್ರದ ಬಾಲದಲ್ಲಿ.

ಮೈಲುತುತ್ತದ ಐದು ನೀರು

ಈ ಬಾಲದ ಮಹಿಮೆ ಕಣ್ಣಿಗೆ ಕಾಣಬೇಕಾದರೆ ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಿಗೆ ಮಳೆಗಾಲದ ಮೊದಲ ವಾರಗಳಲ್ಲಿ ಹೋಗಬೇಕು. ಅಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಒಂದರಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಹಾಲು. ಎರಡನ್ನೂ ಬೆರೆಸಿದಾಗ ಬರುವ ತಿಳಿನೀಲಿ ಬೋರ್ಡೋ ಮಿಶ್ರಣವೇ ಕೊಳೆರೋಗಕ್ಕೆ, ದಕ್ಷಿಣ ಕನ್ನಡದವರ ಮಾತಿನಲ್ಲಿ ಮಹಾಳಿಗೆ, ಇಂದಿಗೂ ಮೊದಲ ಮದ್ದು.

ಇದು ಫ್ರಾನ್ಸಿನ ಬೋರ್ಡೋ ಸೀಮೆಯ ಕೊಡುಗೆ. ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಎಂದು ಅಲ್ಲಿನ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗಳಲ್ಲಿ ಬೂಜುರೋಗ ಇಲ್ಲದ್ದನ್ನು 1882ರಲ್ಲಿ ಸಸ್ಯವಿಜ್ಞಾನಿ ಪಿಯರ್ ಮಿಲಾರ್ಡೆ ಕಂಡರು. 1885ರಲ್ಲಿ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಇಲಾಖೆಯ ಪ್ರಕಟಣೆಯನ್ನು ಹೊರತಂದು, ಈ ಮಿಶ್ರಣವನ್ನು ಇಲ್ಲಿನ ತೋಟಗಳಲ್ಲಿ ನೆಲೆಗೊಳಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಮಲೆನಾಡಿಗೆ ಅದು ದೊಡ್ಡ ಆಸರೆಯಾಯಿತು.

ಮೈಲುತುತ್ತದ ನೀಲಿ ಹರಳಿನ ಸೂತ್ರದಲ್ಲಿ ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ, ಜೊತೆಗೆ ಐದು ನೀರಿನ ಅಣುಗಳಿವೆ. ತಾಮ್ರ 63.55, ಗಂಧಕ 32.06, ಆಮ್ಲಜನಕ 64, ಐದು ನೀರು 90.08. ಒಟ್ಟು 249.7. ಹರಳು ಒಣಗಿದಂತೆ, ಗಟ್ಟಿಯಾಗಿ ಕಾಣುತ್ತದೆ. ಆದರೆ ರೈತ ಹೊತ್ತು ತರುವ ಒಂದು ಕೆ.ಜಿ. ಮೈಲುತುತ್ತದಲ್ಲಿ 361 ಗ್ರಾಂ ನೀರೇ ಇದೆ. ತಾಮ್ರ ಇರುವುದು 254 ಗ್ರಾಂ. ಹರಳನ್ನು ಚೆನ್ನಾಗಿ ಕಾಯಿಸಿದರೆ ಆ ನೀರು ಹಾರಿಹೋಗಿ ಬಿಳಿ ಪುಡಿ ಉಳಿಯುತ್ತದೆ; ಅದರ ಮೋಲಾರ್ ರಾಶಿ 159.6 ಮಾತ್ರ. ಒಂದು ಕೆ.ಜಿ. ನೀಲಿ ಹರಳಿನಲ್ಲಿ 4 ಮೋಲ್ ತಾಮ್ರವಿದ್ದರೆ ಒಂದು ಕೆ.ಜಿ. ಬಿಳಿ ಪುಡಿಯಲ್ಲಿ 6.27 ಮೋಲ್. ನೀಲಿಯ ಬದಲು ಬಿಳಿಯನ್ನು ತೂಗಿ ಹಾಕಿದರೆ ತಾಮ್ರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಒಂದು ಕೆ.ಜಿ. ಹರಳಿಗೆ ಸರಿಗಟ್ಟಲು 639 ಗ್ರಾಂ ಬಿಳಿ ಪುಡಿ ಸಾಕು.

ಇನ್ನು ಸುಣ್ಣ. ಶೇ 1ರ ಮಿಶ್ರಣಕ್ಕೆ ನೂರು ಲೀಟರ್ ನೀರು, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. 'ಒಂದಕ್ಕೊಂದು ಹಾಕಿ ಮಾರಾಯ್ರೆ, ತಲೆಬಿಸಿ ಬೇಡ' ಎನ್ನುವುದು ಕರಾವಳಿಯ ಅಂಗಡಿಗಳಲ್ಲಿ ಕೇಳುವ ಸಲಹೆ. ಮೋಲ್‌ನ ಕಣ್ಣಿನಿಂದ ನೋಡಿದರೆ ಇದು ಒಂದಕ್ಕೊಂದು ಅಲ್ಲವೇ ಅಲ್ಲ. ಸರಳ ಸಮೀಕರಣದಲ್ಲಿ ಒಂದು ಮೈಲುತುತ್ತಕ್ಕೆ ಒಂದು ಅರಳಿದ ಸುಣ್ಣ ಸೇರಿ ತಾಮ್ರದ ಹೈಡ್ರಾಕ್ಸೈಡ್ ಆಗುತ್ತದೆ. ಮೈಲುತುತ್ತ 4 ಮೋಲ್, ಹಾಗಾಗಿ ಸುಣ್ಣವೂ 4 ಮೋಲ್ ಇದ್ದರಾಯಿತು. ಅರಳಿದ ಸುಣ್ಣದ ಮೋಲಾರ್ ರಾಶಿ 74.09, ಬೇಕಾದದ್ದು 297 ಗ್ರಾಂ. ಸುಟ್ಟ ಸುಣ್ಣವಾದರೆ 56.08ರ ಲೆಕ್ಕದಲ್ಲಿ 225 ಗ್ರಾಂ ಸಾಕು. ಹಾಗಾದರೆ ಇಡೀ ಒಂದು ಕೆ.ಜಿ. ಹಾಕುವ ಪದ್ಧತಿ ತಪ್ಪೇ?

ತಪ್ಪಲ್ಲ. ಇದರಲ್ಲಿ ದೊಡ್ಡ ವಿವೇಕವಿದೆ. ಪುಸ್ತಕದ ಸುಣ್ಣ ಶುದ್ಧ, ಪೇಟೆಯ ಸುಣ್ಣ ಹಾಗಲ್ಲ. ಕಲ್ಲು ಸುಟ್ಟದ್ದಿರಲಿ, ಚಿಪ್ಪು ಸುಟ್ಟದ್ದಿರಲಿ, ಅದರಲ್ಲಿ ಬೇಯದೆ ಉಳಿದ ಚೂರುಗಳು, ಮಣ್ಣು ಇದ್ದೇ ಇರುತ್ತವೆ. ಅದಕ್ಕಿಂತ ದೊಡ್ಡ ಶತ್ರು ಗಾಳಿ. ಬಾಯಿ ಬಿಚ್ಚಿಟ್ಟ ಚೀಲದ ಅರಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಆ ಪುಡಿ ಇಲ್ಲಿ ಕೆಲಸಕ್ಕೆ ಬಾರದು. ವಿಚಿತ್ರವೆಂದರೆ ಚೀಲದ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ: 74 ಗ್ರಾಂ ಸುಣ್ಣ 100 ಗ್ರಾಂ ಕಾರ್ಬೋನೇಟ್ ಆಗುತ್ತದೆ. ಒಂದು ಕೆ.ಜಿ. ಪೂರ್ತಿ ಕೆಟ್ಟರೆ 1.35 ಕೆ.ಜಿ. ತೂಗುತ್ತದೆ. ತಕ್ಕಡಿ ಭಾರ ತೋರಿಸುತ್ತದೆ, ಶಕ್ತಿ ಸೊನ್ನೆ. ಹತ್ತು ಪಾಲು ಸುಣ್ಣದಲ್ಲಿ ಮೂರು ಪಾಲು ಮಾತ್ರ ಕೆಲಸಕ್ಕೆ ಬರುವಂತಿದ್ದರೂ ಒಂದು ಕೆ.ಜಿ. ಹಾಕಿದಾಗ ಲೆಕ್ಕ ಸರಿಹೋಗುತ್ತದೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಹಾಗೆಯೇ ಉಳಿದು ಎಳೆ ಅಡಿಕೆಯನ್ನೇ ಸುಡುತ್ತದೆ. ಸ್ವಲ್ಪ ಹೆಚ್ಚಾದರೆ ಅಂಥ ಅಪಾಯವಿಲ್ಲ. ಹಳಬರು ಮಿಗತೆಯ ಕಡೆಗೆ ವಾಲಿದ್ದು ಸರಿಯೇ.

ಆದರೂ ಒಂದು ಕೆ.ಜಿ. ಹಾಕಿದೆ ಎಂದು ಸುಮ್ಮನಿರುವವರಲ್ಲ ಅನುಭವಸ್ಥರು. ಹೊಳೆಯುವಂತೆ ಉಜ್ಜಿದ ಕತ್ತಿಯನ್ನು ಮಿಶ್ರಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಇದ್ದಂತೆಯೇ ಇದ್ದರೆ ಸಿಂಪಡಿಸಬಹುದು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ದ್ರಾವಣದಲ್ಲಿ ಇನ್ನೂ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತಿರುತ್ತದೆ, ಒಂದು ಪರಮಾಣುವಿಗೆ ಒಂದು ಪರಮಾಣು. ಆಗ ಇನ್ನಷ್ಟು ಸುಣ್ಣದ ಹಾಲು ಹೊಯ್ದು ಮತ್ತೆ ಕತ್ತಿ ಅದ್ದುತ್ತಾರೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬ ಮಾತಿಗೂ ಇದೇ ಕಾರಣ: ಮದ್ದಿಗೆ ಹೋಗಬೇಕಾದ ತಾಮ್ರ ಪಾತ್ರೆಗೆ ಅಂಟಿಕೊಳ್ಳುತ್ತದೆ. ಈ ಕತ್ತಿ ಪರೀಕ್ಷೆಯನ್ನು ನಾನು ತುಂಬ ಗೌರವಿಸುತ್ತೇನೆ. ಸುಣ್ಣದ ಶುದ್ಧತೆ ಎಷ್ಟೆಂದು ತಿಳಿಯದಿದ್ದರೂ ಎಣಿಕೆ ಸರಿಯಾಯಿತೋ ಇಲ್ಲವೋ ಎಂದು ಅದು ಅಂಗಳದಲ್ಲೇ ತೀರ್ಪು ಕೊಡುತ್ತದೆ.

ಅಂಗಡಿಯ ಇತರ ತಾಮ್ರದ ಮದ್ದುಗಳನ್ನು ಹೋಲಿಸಲೂ ಇದೇ ವಿದ್ಯೆ ಬೇಕು. ಕಾಪರ್ ಆಕ್ಸಿಕ್ಲೋರೈಡ್ ಪೊಟ್ಟಣದ ಮೇಲಿನ ಶೇ 50 ಎಂಬುದು ತಾಮ್ರದ ಪ್ರಮಾಣ. ಲೀಟರಿಗೆ 3 ಗ್ರಾಂನಂತೆ ನೂರು ಲೀಟರಿಗೆ 300 ಗ್ರಾಂ ಹಾಕಿದರೆ ತಾಮ್ರ 150 ಗ್ರಾಂ. ಬೋರ್ಡೋದಲ್ಲಿ 254 ಗ್ರಾಂ. ಪುಡಿಯ ತೂಕಕ್ಕೆ ಪುಡಿಯ ತೂಕ ಇಟ್ಟು ಹೋಲಿಸಿದರೆ ಒಂದು ಕೆ.ಜಿ. ಎಲ್ಲಿ, 300 ಗ್ರಾಂ ಎಲ್ಲಿ ಎನಿಸುತ್ತದೆ. ತಾಮ್ರಕ್ಕೆ ತಾಮ್ರ ಇಟ್ಟರೆ ಅಂತರ ಅಷ್ಟೇನೂ ದೊಡ್ಡದಲ್ಲ.

ಪಿಯು ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಐದು ಮೋಲ್ ಸೋಡಿಯಂ ಹೈಡ್ರಾಕ್ಸೈಡಿನ ರಾಶಿ ಎಷ್ಟು ಎಂಬಂಥ ಪ್ರಶ್ನೆಗಳನ್ನು ಒಂದು ವರ್ಷ ಬದಿಗಿಡಿ. ತರಗತಿಗೆ ಒಂದು ಓಆರ್‌ಎಸ್ ಪೊಟ್ಟಣ ತನ್ನಿ, ಒಂದು ಮುಷ್ಟಿ ಮೈಲುತುತ್ತದ ಹರಳು ತನ್ನಿ, ಸುಣ್ಣದ ಚೀಲದ ಲೇಬಲ್ ತನ್ನಿ. ಮೊದಲು ಸೂತ್ರ ಓದಿಸಿ, ಆಮೇಲೆ ಕ್ಯಾಲ್ಕ್ಯುಲೇಟರ್ ಕೊಡಿ. ಸಾಗರ, ಶಿರಸಿ, ಪುತ್ತೂರು, ಸುಳ್ಯದ ಮಕ್ಕಳಿಗೆ ಈ ಪ್ರಶ್ನೆಯನ್ನೇ ಕೇಳಬಹುದು: ಒಂದು ಕೆ.ಜಿ. ಮೈಲುತುತ್ತಕ್ಕೆ, ಚೀಲದ ಮೇಲೆ ಶೇ 70 ಶುದ್ಧ ಎಂದು ಬರೆದಿರುವ ಅರಳಿದ ಸುಣ್ಣ ಕನಿಷ್ಠ ಎಷ್ಟು ಬೇಕು? ಉತ್ತರ 424 ಗ್ರಾಂ. ಆ ಅಂಕಿ ಸರಿಯೇ ಎಂದು ಮನೆಯಲ್ಲಿ ಕತ್ತಿ ಅದ್ದಿ ನೋಡಿಕೊಂಡು ಬರಲು ಹೇಳಿ.